ಏಣಿ ಹತ್ತಿದ ಹುಂಜ

ಸಾಗರದ ರೈಲು ಹತ್ತಿದಾಗ ನನ್ನ ಚೀಲದಲ್ಲಿ ಮಗಳ ಡ್ರಾಯಿಂಗ್ ಪುಸ್ತಕವಿತ್ತು. ಅವಳು ಇಟ್ಟುಕೊಂಡದ್ದಲ್ಲ. ಅವಳಿಗೆ ಕಾಣದಂತೆ ಟವೆಲ್ಲಿನ ಕೆಳಗೆ ನಾನೇ ತುರುಕಿದ್ದೆ. ಮೂವತ್ತೆರಡು ಹಾಳೆಗಳ ಪುಸ್ತಕ. ಮೊದಲ ಹಾಳೆಯಲ್ಲಿ ಹೆಸರು, ತರಗತಿ, ವಿಭಾಗ. ಉಳಿದ ಮೂವತ್ತೊಂದೂ ಖಾಲಿ.

ಈ ಖಾಲಿ ಹಾಳೆಗಳ ಕತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇದರಲ್ಲಿ ತಪ್ಪು ನನ್ನದು.

ಹೋದ ವರ್ಷ ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಮಕ್ಕಳ ಚಿತ್ರಸ್ಪರ್ಧೆ ಇತ್ತು. ಮನೆಯಲ್ಲೇ ಬಿಡಿಸಿ ತಂದುಕೊಡಬೇಕು. ವಿಷಯ ‘ನಮ್ಮ ಮನೆ’. ಆಗ ಮಗಳಿಗೆ ಒಂಬತ್ತು ವರ್ಷ. ಕೂತು ಬಿಡಿಸಿದಳು. ಮೂರನೇ ಮಹಡಿಯ ನಮ್ಮ ಮನೆಯ ಬಾಗಿಲು, ಬಾಗಿಲಾಚೆ ಚಪ್ಪಲಿಗಳ ರಾಶಿ, ಬಾಲ್ಕನಿಯ ತಂತಿಯ ಮೇಲೆ ಅವರಪ್ಪನ ಬನಿಯನ್ನು, ಅಡುಗೆಮನೆಯಲ್ಲಿ ಒಂದು ಕೆಂಪು ಗ್ಯಾಸ್ ಸಿಲಿಂಡರು. ಸಿಲಿಂಡರು ಬಾಗಿಲಿಗಿಂತ ದೊಡ್ಡದಾಗಿತ್ತು.

‘ಇದ್ಯಾಕೇ ಇಷ್ಟು ದೊಡ್ಡದು?’ ಎಂದು ಕೇಳಿದೆ.

‘ಅದು ಭಾರ ಅಲ್ವಾ ಅಮ್ಮ! ಅಪ್ಪ ಎತ್ತೋಕಾಗ್ದೆ ಉರುಳಿಸ್ಕೊಂಡು ಬರ್ತಾರೆ.’

ನಾನು ನಕ್ಕೆ. ನಕ್ಕಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ‘ಬನಿಯನ್ನು, ಚಪ್ಪಲಿ ಎಲ್ಲ ಬಿಡಿಸಿದ್ರೆ ಯಾರು ಬಹುಮಾನ ಕೊಡ್ತಾರೆ ಪುಟ್ಟಿ, ಇಲ್ಲಿ ಕೊಡು’ ಎಂದು ಪೆನ್ಸಿಲ್ ಇಸಿದುಕೊಂಡೆ. ಎರಡು ಬೆಟ್ಟ, ನಡುವೆ ಅರ್ಧ ಸೂರ್ಯ, ಸೂರ್ಯನಿಂದ ಹೊರಟ ಕಡ್ಡಿಗಳು, ಬೆಟ್ಟದಿಂದ ಇಳಿದು ಬರುವ ಹೊಳೆ, ಹೊಳೆಯ ದಂಡೆಗೆ ಹೆಂಚಿನ ಮನೆ, ಪಕ್ಕಕ್ಕೆ ವಾಲಿದ ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ನಿಮಗೂ ಈ ಚಿತ್ರ ಗೊತ್ತು. ನಾವೆಲ್ಲ ಶಾಲೆಯಲ್ಲಿ ಇದೊಂದನ್ನೇ ಕಲಿತದ್ದು. ಬಣ್ಣ ತುಂಬಿದ್ದು ಮಾತ್ರ ಅವಳು.

ಮೊದಲ ಬಹುಮಾನ ಬಂತು. ವೇದಿಕೆಯಿಂದ ಇಳಿದು ಬಂದವಳು ಏನೂ ಮಾತಾಡಲಿಲ್ಲ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಊಟದ ಮೇಜಿನ ಎದುರಿನ ಗೋಡೆಗೆ ತೂಗುಹಾಕಿದೆ. ಅದಾದ ಮೇಲೆ ಅವಳು ಊಟಕ್ಕೆ ಆ ಗೋಡೆಗೆ ಬೆನ್ನು ಮಾಡಿ ಕೂರತೊಡಗಿದಳು. ನನಗೆ ಅದು ಕಣ್ಣಿಗೆ ಬೀಳಲು ಐದು ತಿಂಗಳು ಬೇಕಾಯಿತು. ಡ್ರಾಯಿಂಗ್ ಪುಸ್ತಕ ತಂದುಕೊಟ್ಟರೆ ‘ಏನು ಬಿಡಿಸೋದು? ನಂಗೇನೂ ಹೊಳೆಯಲ್ಲ’ ಎನ್ನುವಳು. ಒತ್ತಾಯ ಮಾಡಿದರೆ, ‘ನೀನೇ ಬಿಡಿಸಿಬಿಡು.’ ಕುಹಕವಾಗಿಯೇನೂ ಅಲ್ಲ, ನಿಜವಾಗಿಯೇ ಹಾಗೆ ಹೇಳುತ್ತಿದ್ದಳು. ಅದು ಇನ್ನೂ ನೋವು.

ದಸರಾ ರಜೆಯಲ್ಲಿ ಹಾಸ್ಟೆಲ್ ದಿನಗಳ ನನ್ನ ಗೆಳತಿ ಫೋನ್ ಮಾಡಿ, ‘ಈ ಸಲ ಭೂಮಿ ಹುಣ್ಣಿಮೆಗೆ ನಮ್ಮೂರಿಗೆ ಬಾ. ಅವ್ವ ಬುಟ್ಟಿ ಬರೀತಿದಾಳೆ. ಇನ್ನೆಷ್ಟು ವರ್ಷ ಬರೀತಾಳೋ’ ಎಂದಳು. ನಾನು ಹೊರಟದ್ದು ಅಜ್ಜಿಯ ಬುಟ್ಟಿ ನೋಡಲಿಕ್ಕಲ್ಲ, ಮಗಳಿಗೆ ಎರಡು ಬೆಟ್ಟ, ಒಂದು ಹೊಳೆ ತೋರಿಸಲಿಕ್ಕೆ. ನೋಡಿದರೆ ಏನಾದರೂ ಹೊಳೆದೀತು ಎಂಬುದು ನನ್ನ ಲೆಕ್ಕ.

ಬೆಂಗಳೂರಿನಿಂದ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಬೆಳಕು ಹರಿಯುವ ಹೊತ್ತಿಗೆ ಶಿವಮೊಗ್ಗ ದಾಟಿರುತ್ತದೆ. ಆಮೇಲೆ ಕಿಟಕಿಯಾಚೆಗೆ ಒಂದೇ ಹಸಿರು. ಮಳೆಗಾಲ ಹೊರಟುನಿಂತು, ಮರೆತ ಸಾಮಾನಿಗೆಂದು ಮತ್ತೆ ಮತ್ತೆ ಮನೆಗೆ ಬರುವ ನೆಂಟರಂತೆ ಆಗೀಗ ಒಂದು ಹನಿ ಉದುರಿಸುತ್ತಿತ್ತು. ಸಾಗರದ ನಿಲ್ದಾಣಕ್ಕೆ ‘ಸಾಗರ ಜಂಬಗಾರು’ ಎಂದು ಹೆಸರು. ಅಲ್ಲಿ ಇಳಿದು, ಗೆಳತಿಯ ತಮ್ಮನ ಆಟೋದಲ್ಲಿ ಅರ್ಧ ಗಂಟೆ ಹೋದರೆ ಅವರ ಊರು. ಒಂದು ಬದಿಗೆ ಅಡಿಕೆ ತೋಟ, ಇನ್ನೊಂದು ಬದಿಗೆ ಗದ್ದೆ, ನಡುವೆ ಹೆಂಚಿನ ಮನೆ. ಥೇಟ್ ನಾನು ಬಿಡಿಸಿದ ಚಿತ್ರ! ‘ನೋಡು ಪುಟ್ಟಿ’ ಎಂದು ಸಂಭ್ರಮದಿಂದ ಕೈ ತೋರಿಸಿದೆ. ಅವಳು ‘ಹೂಂ’ ಎಂದು, ಆಟೋದ ಮೀಟರಿನ ಮೇಲೆ ಅಂಟಿಸಿದ್ದ ಸ್ಟಿಕ್ಕರು ನೋಡುತ್ತ ಕುಳಿತಳು.

ಭೂಮಿ ಹುಣ್ಣಿಮೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ವಿಜಯದಶಮಿ ಕಳೆದು ಬರುವ ಆಶ್ವಯುಜದ ಹುಣ್ಣಿಮೆಯನ್ನು ಮಲೆನಾಡಿನಲ್ಲಿ ಹೀಗೆ ಕರೆಯುತ್ತಾರೆ. ಉತ್ತರ ಕರ್ನಾಟಕದವರಿಗೆ ಇದೇ ಸೀಗೆ ಹುಣ್ಣಿಮೆ. ಆ ಹೊತ್ತಿಗೆ ಭತ್ತದ ಪೈರು ಹೊಡೆಯಾಗಿರುತ್ತದೆ. ಅಂದರೆ ತೆನೆ ಇನ್ನೂ ಗರಿಯ ಒಳಗೇ ಇದ್ದು, ಕಾಂಡ ಉಬ್ಬಿಕೊಂಡಿರುತ್ತದೆ. ಭೂಮಿತಾಯಿ ಬಸುರಿ ಎಂದು ಲೆಕ್ಕ. ಬಸುರಿಗೆ ಬಯಕೆ ಊಟ ಬಡಿಸಬೇಕಲ್ಲ? ಹೆಂಗಸರು ರಾತ್ರಿಯೆಲ್ಲ ನಿದ್ದೆಗೆಟ್ಟು ಅಡುಗೆ ಮಾಡಿ, ಸೂರ್ಯ ಹುಟ್ಟುವ ಮೊದಲೇ ಗದ್ದೆಗೆ ಕಳಿಸುತ್ತಾರೆ. ಆ ಅಡುಗೆ ಹೋಗುವುದು ಚಿತ್ತಾರ ಬರೆದ ಬಿದಿರಿನ ಬುಟ್ಟಿಯಲ್ಲಿ. ಅದು ಭೂಮಣ್ಣಿ ಬುಟ್ಟಿ. ಜೊತೆಗೆ ಹಚ್ಚಂಬಲಿ ಒಯ್ಯಲು ಇನ್ನೊಂದು ಸಣ್ಣ ಬುಟ್ಟಿ.

ಸಾಗರ, ಸೊರಬ, ಹೊಸನಗರ, ಸಿದ್ದಾಪುರದ ಕಡೆಯ ದೀವರ ಮನೆಗಳಲ್ಲಿ ಈ ಚಿತ್ತಾರ ತಲೆತಲಾಂತರದಿಂದ ಬಂದಿದೆ. ಮದುವೆಯಲ್ಲಿ ಗಂಡು ಹೆಣ್ಣು ಹಸೆಗೆ ಕೂರುವ ಜಾಗದ ಹಿಂದಿನ ಗೋಡೆಯ ಮೇಲೆ ಬರೆಯುವುದು ಹಸೆಗೋಡೆ ಚಿತ್ತಾರ. ಈಗ ದೊಡ್ಡ ಊರುಗಳ ಅಂಗಡಿಗಳಲ್ಲಿ ಕಾಗದದ ಮೇಲೆ ಬರೆದು ಗಾಜು ಹಾಕಿ ಮಾರುವುದನ್ನೂ ನೋಡಿದ್ದೇನೆ. ಬರೆಯುವವರು ಬಹುಪಾಲು ಹೆಂಗಸರೇ.

ನಾವು ಹೋದಾಗ ಅಜ್ಜಿ ಜಗಲಿಯ ಮೇಲೆ ಕುಳಿತು ಬುಟ್ಟಿಗೆ ಕೆಮ್ಮಣ್ಣು ಬಳಿಯುತ್ತಿದ್ದರು. ಅದಕ್ಕೆ ಮೊದಲೇ ಸಗಣಿ ಸಾರಿಸಿ, ಬಿದಿರಿನ ಎಡೆಗಳನ್ನೆಲ್ಲ ಮುಚ್ಚಿ ಒಣಗಿಸಿಯಾಗಿತ್ತು. ಒಂದು ಕಣ್ಣಿಗೆ ಪೊರೆ ತೆಗೆಸಿದ್ದಾರೆ, ಇನ್ನೊಂದು ಬಾಕಿ. ಮಗಳನ್ನು ಹತ್ತಿರ ಕರೆದು, ಮುಖವನ್ನು ಬೆಳಕಿನ ಕಡೆ ತಿರುಗಿಸಿ ನೋಡಿ, ‘ನಿನ್ನ ಹಂಗೇ ಮೂಗು’ ಎಂದು ನನಗೆ ಹೇಳಿದರು. ಮತ್ತೆ ಬಳಿಯತೊಡಗಿದರು. ನೆಂಟರು ಬಂದರೆಂದು ಕೆಲಸ ನಿಲ್ಲಿಸುವ ಪೈಕಿಯಲ್ಲ.

ಬಣ್ಣಗಳ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಮಗಳು ಮೊದಲು ಬಾಯಿ ಬಿಟ್ಟದ್ದು ಅಲ್ಲೇ. ಬಣ್ಣದ ಡಬ್ಬಿ ಎಲ್ಲಿದೆ ಎಂದು ಕೇಳಿದಳು. ‘ಅಡುಗೆಮನ್ಯಲ್ಲಿ’ ಎಂದರು ಅಜ್ಜಿ. ತಮಾಷೆಯಲ್ಲ. ಬಿಳಿ ಎಂದರೆ ನೆನೆಹಾಕಿ ನುಣ್ಣಗೆ ಅರೆದ ಅಕ್ಕಿ. ಕಪ್ಪು ಎಂದರೆ ಅದೇ ಅಕ್ಕಿಯನ್ನು ಕರಿಕಲಾಗುವವರೆಗೆ ಹುರಿದು ಅರೆದದ್ದು. ಕೆಂಪಿಗೆ ಕೆಮ್ಮಣ್ಣು, ಮನೆಯ ಹಿಂದಿನ ಧರೆಯಿಂದ ಕೆರೆದು ತಂದು, ನೀರಿನಲ್ಲಿ ಕದಡಿ, ಹರಳು ತಳಕ್ಕೆ ಕೂತ ಮೇಲೆ ಬಗ್ಗಿಸಿಕೊಂಡದ್ದು. ಹಳದಿ ಗುರಿಗೆ ಬೀಜದ್ದು, ಅದೊಂದಕ್ಕೆ ಮಾತ್ರ ಕಾಡಿಗೆ ಹೋಗಬೇಕು. ಕುಂಚ ಪುಂಡಿ ನಾರಿನದು. ನಾರನ್ನು ತೆಳ್ಳಗೆ ಸೀಳಿ, ತುದಿ ಜಜ್ಜಿ, ಕಟ್ಟಿ ಇಟ್ಟುಕೊಂಡಿದ್ದರು. ಗೆರೆಯ ದಪ್ಪಕ್ಕೆ ತಕ್ಕಂತೆ ನಾಲ್ಕೈದು ಬಗೆ.

ಅಕ್ಕಿ ಹುರಿಯುವ ಕೆಲಸ ಮಗಳ ಪಾಲಿಗೆ ಬಂತು. ಮನೆಯಲ್ಲಿ ಅನ್ನ ಸೀದರೆ ನಾನು ರೇಗುತ್ತೇನೆ. ಇಲ್ಲಿ ‘ಇನ್ನೂ ಸೀಸು, ಇನ್ನೂ ಸೀಸು’ ಎನ್ನುವ ಅಜ್ಜಿ. ಹೊಗೆಗೆ ಕಣ್ಣು ಕೆಂಪಾಗಿ, ಕೆನ್ನೆಗೆ ಮಸಿ ಹತ್ತಿ, ಬಾಣಲೆಯೊಳಗೆ ಅಕ್ಕಿಕಾಳು ಬಿಳಿಯಿಂದ ಹೊಂಬಣ್ಣಕ್ಕೆ, ಕಂದಿಗೆ, ಕಡೆಗೆ ಇದ್ದಿಲಿಗೆ ತಿರುಗುವುದನ್ನು ಅವಳು ಮೊದಲಿನಿಂದ ಕೊನೆಯ ತನಕ ನೋಡಿದಳು. ಅಷ್ಟು ಹೊತ್ತು ಒಂದೇ ಕಡೆ ನೋಡಿದ್ದನ್ನು ನಾನು ಕಂಡದ್ದು ಮೊಬೈಲಿನ ಎದುರು ಮಾತ್ರ.

ಮಧ್ಯಾಹ್ನದ ಮೇಲೆ ಅಜ್ಜಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬರೆಯಲು ಶುರುಮಾಡಿದರು. ಪೆನ್ಸಿಲ್ ಇಲ್ಲ, ಸ್ಕೇಲ್ ಇಲ್ಲ, ಗುರುತಿನ ಚುಕ್ಕಿಯೂ ಇಲ್ಲ. ಬಾಯಿಯ ಹತ್ತಿರ ಬಿಳಿಯ ಒಂದು ಗೆರೆ. ಗೆರೆಯನ್ನು ಎಳೆಯುವುದು ಕೈಯಲ್ಲ, ಬುಟ್ಟಿಯೇ ನಿಧಾನಕ್ಕೆ ತಿರುಗುತ್ತದೆ. ಹೊರಟ ಗೆರೆ ಸುತ್ತು ಬಂದು ತನ್ನ ಬಾಲವನ್ನೇ ಕಚ್ಚಿತು. ಅದರ ಕೆಳಗೆ ಇನ್ನೊಂದು. ಎರಡರ ನಡುವಿನ ಎಡೆ ಎಲ್ಲ ಕಡೆಯೂ ಒಂದೇ. ಆಮೇಲೆ ಅಡ್ಡಗೆರೆ, ಓರೆಗೆರೆ, ಚೌಕದೊಳಗೆ ಚೌಕ.

‘ಇದೆಂಥದು ಅಜ್ಜಿ?’

‘ಏಣಿ.’

‘ಇದು?’

‘ಮಲ್ಲಿಗೆ. ದಂಡೆ ಕಟ್ತಾರಲ ಮಗಾ, ಹಂಗೆ.’

‘ಇದು?’

‘ಇದು ತೆನೆ. ಇದು ಕೋಳಿ ಹೆಜ್ಜೆ. ಇದು ಬುಟ್ಟಿ ಹೆಣೀತಾರಲ, ಅದರ ಹೆಣಿಗೆ.’

ಒಂದೊಂದು ಮನೆಯಲ್ಲಿ ಒಂದೊಂದು ಹೆಸರು ಹೇಳುತ್ತಾರಂತೆ. ಬಾಸಿಂಗ, ಜೋಗಿ ಜಡೆ ಎಂಬ ಹೆಸರುಗಳೂ ಇವೆ. ಮಗಳು ಪ್ರತಿ ಹೆಸರಿಗೂ ತಲೆಯೆತ್ತಿ ಅಂಗಳದಲ್ಲಿ ಆ ವಸ್ತುವನ್ನು ಹುಡುಕಿದಳು. ಏಣಿ ಅಟ್ಟಕ್ಕೆ ಒರಗಿತ್ತು. ತೆನೆ ಹೋದ ವರ್ಷದ್ದು, ಕದಿರು ಕಟ್ಟಿದ್ದು, ಬಾಗಿಲ ಮೇಲೆ ತೂಗುತ್ತಿತ್ತು. ಕೋಳಿಯ ಹೆಜ್ಜೆ ಹಸಿ ಮಣ್ಣಿನಲ್ಲಿ ಅಚ್ಚಾಗಿತ್ತು, ಅಜ್ಜಿ ಬರೆದದ್ದಕ್ಕೂ ಅದಕ್ಕೂ ಒಂದಿಷ್ಟೂ ವ್ಯತ್ಯಾಸ ಇರಲಿಲ್ಲ. ಬೆಟ್ಟ ಮಾತ್ರ ಬುಟ್ಟಿಯ ಮೇಲೆ ಎಲ್ಲೂ ಕಾಣಲಿಲ್ಲ. ಸೂರ್ಯನೂ ಇರಲಿಲ್ಲ.

‘ಯಾರು ಕಲ್ಸಿದ್ದು ನಿಮ್ಗೆ?’

‘ಯಾರು ಕಲಿಸ್ತಾರೆ! ಅತ್ತೆ ಬರೀವಾಗ ನೋಡದೇಯ. ಒಂದಿನ ಅವರ ಕೈ ನೋಯ್ತು, ನಾ ಬರ್ದೆ.’

ಗೆಳತಿ ಅಡುಗೆಮನೆಯಿಂದಲೇ ದನಿ ಸೇರಿಸಿದಳು, ‘ನಂಗೆ ಬರಲ್ಲ ಕಣೇ.’ ಅವಳು ಶಿವಮೊಗ್ಗದಲ್ಲಿ ಕಚೇರಿ ಕೆಲಸದಲ್ಲಿದ್ದಾಳೆ. ಅವಳ ಮದುವೆಯ ಹಸೆಗೋಡೆಯನ್ನು ಹದಿನಾರು ವರ್ಷದ ಹಿಂದೆ ಅಜ್ಜಿಯೇ ಬರೆದದ್ದು. ತೋರಿಸು ಎಂದರೆ ನಡುಮನೆಗೆ ಕರೆದೊಯ್ದಳು. ಗೋಡೆ ತಿಳಿಹಸಿರು ಡಿಸ್ಟೆಂಪರಿನಿಂದ ಹೊಳೆಯುತ್ತಿತ್ತು. ಮನೆ ರಿಪೇರಿ ಮಾಡಿಸಿದಾಗ ಬಣ್ಣ ಹೊಡೆಸಿದರಂತೆ. ‘ಆಗ ಏನೂ ಅನ್ನಿಸಲಿಲ್ಲ’ ಎಂದಳು. ಮದುವೆಯ ಆಲ್ಬಮ್ಮಿನಲ್ಲಿ ಒಂದು ಫೋಟೊ ಇದೆ. ಅದರಲ್ಲೂ ಹಾರ ಹಾಕಿಕೊಂಡ ಇಬ್ಬರ ತಲೆಗಳು ಅಡ್ಡ ಬಂದು, ಚಿತ್ತಾರದ ಮೂಲೆಗಳಷ್ಟೇ ಕಾಣುತ್ತವೆ.

ಮಾರನೆಯ ದಿನ ನಾನು ಸುಮ್ಮನಿರಲಾರದೆ ಮಗಳನ್ನು ಊರು ನೋಡಲು ಎಳೆದುಕೊಂಡು ಹೋದೆ. ಮೊದಲು ಕೆಳದಿ. ನಾಯಕ ಅರಸರ ಮೊದಲ ರಾಜಧಾನಿ, ಈಗ ಸಾದಾ ಹಳ್ಳಿ. ರಾಮೇಶ್ವರ ದೇವಸ್ಥಾನದ ಚಾವಣಿಯಲ್ಲಿ ಕೆತ್ತಿದ ಗಂಡಭೇರುಂಡವನ್ನು ಕತ್ತು ನೋಯುವಷ್ಟು ಹೊತ್ತು ನೋಡಿದ್ದು ನಾನು. ಅಲ್ಲಿಂದ ಇಕ್ಕೇರಿ. ಸಾಗರದಿಂದ ಆರು ಕಿಲೋಮೀಟರು. ಅಘೋರೇಶ್ವರನ ಕಲ್ಲಿನ ಗುಡಿ, ಎದುರಿನ ಮಂಟಪದಲ್ಲಿ ಭಾರಿ ನಂದಿ. ಗುಡಿಯ ನೆಲದ ಮೇಲೆ ಅಡ್ಡಬಿದ್ದು ನಮಸ್ಕರಿಸುತ್ತಿರುವ ನಾಯಕರ ಆಕೃತಿಗಳನ್ನು ಕೆತ್ತಿದ್ದಾರೆ. ದೇವರ ದರ್ಶನಕ್ಕೆ ಬಂದವರ ಕಾಲ ಧೂಳು ತಮ್ಮ ಮೇಲೆ ಬೀಳಲಿ ಎಂದು ಇರಬಹುದೇ ಎಂದು ಯೋಚಿಸುತ್ತಿದ್ದೆ. ಮಗಳು ಅವರನ್ನು ತುಳಿಯದಂತೆ ಲಂಗ ಎತ್ತಿಕೊಂಡು ದಾಟಿದಳು. ಅಷ್ಟೇ. ನಾನು ಬಿಡಬೇಕಲ್ಲ! ಹೆಗ್ಗೋಡಿಗೂ ಕರೆದೊಯ್ದೆ. ಅಡಿಕೆ ಬೆಳೆಗಾರರಾಗಿದ್ದ ಕೆ.ವಿ. ಸುಬ್ಬಣ್ಣನವರೂ ಅವರ ಗೆಳೆಯರೂ 1949ರಲ್ಲಿ ಇಂಥ ಒಂದು ಪುಟ್ಟ ಹಳ್ಳಿಯಲ್ಲಿ ನೀನಾಸಂ ಕಟ್ಟಿದರು, 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು ಎಂದೆಲ್ಲ ರಂಗಮಂದಿರದ ಎದುರು ನಿಂತು ವಿವರಿಸಿದೆ. ‘ತೋಟದ ಕೆಲಸ ಮುಗಿಸಿ ಬಂದು ನಾಟಕ ಆಡ್ತಿದ್ರಾ?’ ಎಂಬುದೊಂದು ಪ್ರಶ್ನೆ ಕೇಳಿದಳು. ಹೌದು, ಹಾಗೆಯೇ ಎಂದೆ. ಆ ಪ್ರಶ್ನೆ ನನಗೆ ಹಿಡಿಸಿತು. ಆದರೆ ಅವಳು ಮರುಕ್ಷಣವೇ, ‘ಅಮ್ಮ, ಅಜ್ಜಿ ಇಷ್ಟೊತ್ತಿಗೆ ಎರಡನೇ ಬುಟ್ಟಿ ಶುರು ಮಾಡಿರ್ತಾರೆ, ಹೋಗೋಣ’ ಎಂದು ಕೈ ಜಗ್ಗಿದಳು.

ಶುರು ಮಾಡಿದ್ದರು. ಸಣ್ಣ ಬುಟ್ಟಿ. ಅಜ್ಜಿಯ ಕುಂಚ ಓಡುತ್ತಿರುವಾಗ ಮಗಳು ಹತ್ತಿರ ಕೂತು, ನನ್ನ ಕಿವಿಗೆ ಬೀಳದಿರಲಿ ಎಂಬಂಥ ದನಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ‘ಅಜ್ಜಿ, ನಂಗೊಂದು ಪ್ರೈಜು ಬಂದಿತ್ತು. ಆ ಚಿತ್ರ ನಾನು ಬಿಡ್ಸಿದ್ದಲ್ಲ. ಅಮ್ಮ.’

ಅಜ್ಜಿ ಕುಂಚ ಎತ್ತಲಿಲ್ಲ. ‘ನಿಂದು ಎಂಥದಿತ್ತು?’

‘ಗ್ಯಾಸ್ ಸಿಲಿಂಡರು.’

‘ಅದು ಎಲ್ಲಿದೆ ಈಗ?’

‘ಗೊತ್ತಿಲ್ಲ.’

ನನಗೆ ಗೊತ್ತಿತ್ತು. ಹಳೆಯ ಪೇಪರಿನ ಜೊತೆ ತೂಕಕ್ಕೆ ಹೋಗಿತ್ತು. ಕಾಫಿ ಲೋಟ ತೊಳೆಯುವ ನೆಪದಲ್ಲಿ ಬಚ್ಚಲ ಕಡೆ ಹೋಗಿ, ಬಹಳ ಹೊತ್ತು ಒಂದೇ ಲೋಟ ತೊಳೆದೆ.

ಚತುರ್ದಶಿಯ ಸಂಜೆ ಮನೆ ತುಂಬ ಗಲಾಟೆ. ಹತ್ತಾರು ಬಗೆಯ ಸೊಪ್ಪು ಕಿತ್ತು ತಂದು ಜಗಲಿಯಲ್ಲಿ ರಾಶಿ ಹಾಕಿದ್ದರು. ಹೊಲದ ಬದುವಿನದು, ಬೇಲಿಯದು, ಕಾಡಿನ ಅಂಚಿನದು. ಅವನ್ನೆಲ್ಲ ಬೇಯಿಸಿ ಮಾಡುವುದೇ ಹಚ್ಚಂಬಲಿ. ಒಳಗೆ ಸೌತೆಕಾಯಿ ಕಡುಬಿಗೆ ಬಾಳೆಲೆ ಬಾಡಿಸುತ್ತಿದ್ದರು. ಅಜ್ಜಿ ಮಗಳನ್ನು ಕರೆದು ಸಣ್ಣ ಬುಟ್ಟಿಯನ್ನು ಮುಂದಿಟ್ಟರು. ಸುತ್ತಲೂ ಗೆರೆಗಳು ತುಂಬಿ, ಒಂದು ಕಡೆ ಮಾತ್ರ ಅಂಗೈಯಗಲ ಕೆಂಪು ಖಾಲಿ ಉಳಿದಿತ್ತು.

‘ಇಲ್ಲಿ ನೀ ಬರಿ.’

‘ಏನು ಬಿಡಿಸ್ಲಿ? ನಂಗೇನೂ ಹೊಳೀತಿಲ್ಲ.’

ಅದೇ ಮಾತು. ನನ್ನ ಎದೆ ಧಸಕ್ಕೆಂದಿತು. ಹೂವು ಬಿಡಿಸು, ನವಿಲು ಬಿಡಿಸು ಎಂದು ನಾಲಿಗೆಯ ತುದಿಗೆ ಬಂದಿತ್ತು. ಅಜ್ಜಿ ಅವಸರ ಮಾಡಲಿಲ್ಲ. ಕಡ್ಡಿಪುಡಿ ಹಾಕಿಕೊಂಡು ಕೇಳಿದರು, ‘ಇವತ್ತು ಎಂತೆಂತ ಕಂಡೆ?’

‘ಏನಿಲ್ಲ... ಹುಂಜ ಏಣಿ ಹತ್ತಿತು.’

‘ಹೆಂಗೆ ಹತ್ತಿತು?’

ಮಗಳು ಎದ್ದು ನಿಂತು ಹತ್ತಿ ತೋರಿಸಿದಳು. ಒಂದು ಮೆಟ್ಟಿಲಿಗೆ ಹಾರುವುದು, ನಿಂತು ಕತ್ತು ಕೊಂಕಿಸಿ ಸುತ್ತ ನೋಡುವುದು, ಯಾರೋ ಕರೆದರು ಎಂಬಂತೆ ಒಂದು ಮೆಟ್ಟಿಲು ಕೆಳಗಿಳಿಯುವುದು, ಮತ್ತೆ ಹಾರುವುದು. ಸೊಪ್ಪು ಸೋಸುತ್ತಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ‘ಹಂಗಾರೆ ಅದನ್ನೇ ಬರಿ’ ಎಂದರು ಅಜ್ಜಿ.

ಅವಳು ಪುಂಡಿ ನಾರಿನ ಕುಂಚ ಹಿಡಿದ ರೀತಿ ಸರಿಯಿರಲಿಲ್ಲ. ಬಿಳಿ ಹೆಚ್ಚು ಅದ್ದಿಕೊಂಡಿದ್ದಳು, ಹನಿ ಬೀಳುವುದು ಖಂಡಿತ. ‘ಸ್ವಲ್ಪ ಒದ್ರಿಕೋ ಪುಟ್ಟಿ, ತುದಿಯಲ್ಲಿ ಹಿಡ್ಕೊ’ ಎನ್ನುತ್ತ ನಾನು ಕೈ ಚಾಚಿಯೇಬಿಟ್ಟೆ.

‘ನೀ ಸುಮ್ನಿರೇ’ ಎಂದರು ಅಜ್ಜಿ. ‘ಅದರ ಕೈ ಅದು.’

ಎದ್ದು ಒಳಗೆ ಹೋದೆ. ಗೆಳತಿ ಏನೂ ಕೇಳದೆ ಈಳಿಗೆಮಣೆ ಮುಂದಿಟ್ಟಳು. ಕುಂಬಳಕಾಯಿ ಹೆಚ್ಚುತ್ತ ಕುಳಿತೆ. ಅಷ್ಟೂ ಹೊತ್ತು ಕಿವಿ ಜಗಲಿಯಲ್ಲೇ ಇತ್ತು. ಮೊದಲು ಮೌನ. ಆಮೇಲೆ ‘ಅಯ್ಯೋ!’ ಎಂಬ ಕೂಗು. ಹನಿ ಬಿತ್ತು ಎಂದು ಗೊತ್ತಾಯಿತು. ಏಳಲು ಹೊರಟವಳು, ಕುಂಬಳಕಾಯಿಯ ಇನ್ನೊಂದು ಹೋಳು ತೆಗೆದುಕೊಂಡೆ. ಅವತ್ತು ಆ ಮನೆಯಲ್ಲಿ ಬೇಕಾದದ್ದಕ್ಕಿಂತ ದುಪ್ಪಟ್ಟು ಕುಂಬಳಕಾಯಿ ಹೆಚ್ಚಿಟ್ಟಿದ್ದೇನೆ.

ಕರೆದ ಮೇಲೆ ಹೋಗಿ ನೋಡಿದೆ. ಏಣಿ ವಾಲಿತ್ತು. ಹುಂಜ ಏಣಿಗಿಂತ ಎತ್ತರ ಇತ್ತು. ಬಾಲದ ಗರಿ ಮೂರು ಎಳೆಯುವಷ್ಟರಲ್ಲಿ ಜಾಗ ಮುಗಿದು, ನಾಲ್ಕನೆಯದು ಅಜ್ಜಿಯ ಗೆರೆಯನ್ನು ದಾಟಿ ಆಚೆ ಹೋಗಿತ್ತು. ಹನಿ ಬಿದ್ದದ್ದು ಕೊಕ್ಕಿನ ಮುಂದೆ. ಅಜ್ಜಿ ಅದನ್ನು ಒರೆಸಿರಲಿಲ್ಲ. ಅದರ ಪಕ್ಕ ಅಂಥವೇ ನಾಲ್ಕು ಚುಕ್ಕಿ ಇಟ್ಟು, ‘ಕಾಳು’ ಎಂದರು. ಹುಂಜ ಕತ್ತು ಕೊಂಕಿಸಿ ನೋಡುತ್ತಿದ್ದದ್ದು ಮಾತ್ರ ಅವಳು ಹತ್ತಿ ತೋರಿಸಿದಂತೆಯೇ ಇತ್ತು. ‘ಚೆನ್ನಾಗಿದೆ’ ಎನ್ನಲೂ ನನಗೆ ಬಾಯಿ ಬರಲಿಲ್ಲ.

ಆ ರಾತ್ರಿ ಆ ಮನೆಯಲ್ಲಿ ಯಾರೂ ಮಲಗಲಿಲ್ಲ. ಮಕ್ಕಳು ಮಾತ್ರ ಸೊಪ್ಪಿನ ರಾಶಿಯ ಪಕ್ಕದಲ್ಲೇ ಉರುಳಿದ್ದರು. ನಾಲ್ಕು ಗಂಟೆಯ ಹೊತ್ತಿಗೆ ಎಬ್ಬಿಸಿದೆವು. ಬುಟ್ಟಿಗಳಿಗೆ ಅಡುಗೆ ತುಂಬಿ, ಪೂಜೆ ಮಾಡಿ, ದೊಡ್ಡದನ್ನು ಗೆಳತಿಯ ಅಣ್ಣನ ತಲೆಗೂ ಸಣ್ಣದನ್ನು ತಮ್ಮನ ತಲೆಗೂ ಏರಿಸಿದರು. ಮುಂದೆ ಬೆಂಕಿಯ ಸೂಡಿ, ಹಿಂದೆ ಜಾಗಟೆ. ಹುಣ್ಣಿಮೆಯ ಚಂದ್ರ ಪಡುವಣಕ್ಕೆ ಇಳಿದು, ತೋಟದ ಅಡಿಕೆ ಮರಗಳ ನೆರಳು ಗದ್ದೆಯ ಮೇಲೆ ಉದ್ದಕ್ಕೆ ಗೆರೆ ಎಳೆದಂತೆ ಬಿದ್ದಿತ್ತು. ಸಾಲಿಗೆ ಸಾಲು, ಎಡೆಗೆ ಎಡೆ. ಅಜ್ಜಿಯ ಗೆರೆಗಳನ್ನು ಮೂರು ದಿನ ನೋಡಿ ನನ್ನ ಕಣ್ಣು ಕೆಟ್ಟಿತ್ತೋ ಏನೋ.

ಬದುವಿನ ಮೇಲೆ ನಡೆಯುತ್ತ ಹಚ್ಚಂಬಲಿಯನ್ನು ಹಿಡಿಹಿಡಿಯಾಗಿ ಪೈರಿನ ಮೇಲೆ ಬೀರುತ್ತಾರೆ. ಬೀರುವಾಗ ಭೂಮಿತಾಯಿಯನ್ನು ಉಣ್ಣು ಬಾ ಎಂದು ಕೂಗಿ ಕರೆಯುತ್ತಾರೆ. ನಮ್ಮ ಕೂಗು ನಿಂತಾಗ ಪಕ್ಕದ ಬಯಲಿನ ಕೂಗು ಕೇಳುತ್ತದೆ, ಅದರಾಚೆಯದು ಇನ್ನೂ ಸಣ್ಣಗೆ. ಕತ್ತಲಲ್ಲಿ ಅಲ್ಲಲ್ಲಿ ಸೂಡಿಗಳು ಓಡಾಡುತ್ತಿದ್ದವು. ಮಗಳೂ ಒಂದು ಹಿಡಿ ಬೀರಿದಳು. ಅವಳ ಗಮನ ಮಾತ್ರ ಸಣ್ಣ ಬುಟ್ಟಿಯ ಮೇಲೇ. ‘ಮಾವ, ಇಬ್ಬನಿ ಬೀಳತ್ತೆ, ಹುಂಜದ ಕಡೆ ಕೈ ಅಡ್ಡ ಹಿಡೀರಿ’ ಎಂದು ಹೇಳುತ್ತಲೇ ಹಿಂಬಾಲಿಸುತ್ತಿದ್ದಳು.

ಬೆಳಕು ಹರಿದ ಮೇಲೆ ಮನೆಮಂದಿಯೆಲ್ಲ ಬಂದರು. ಪೈರಿಗೆ ಪೂಜೆ. ಎಡೆಯಲ್ಲಿ ಒಂದು ಪಾಲು ಕಾಗೆಗೆ, ಒಂದು ಪಾಲು ಮಣ್ಣಿನೊಳಗೆ. ಉಳಿದದ್ದನ್ನು ಗದ್ದೆಯ ಅಂಚಿನಲ್ಲೇ ಕೂತು ಉಂಡೆವು. ಸೌತೆಕಾಯಿ ಕಡುಬಿಗೆ ತುಪ್ಪ, ನಾನು ಹೆಚ್ಚಿದ ಕುಂಬಳಕಾಯಿಯ ಪಲ್ಯ, ಅಮಟೆಕಾಯಿಯ ಗೊಜ್ಜು. ಅಷ್ಟು ರುಚಿಯಾಗಿ ಉಂಡು ಎಷ್ಟು ಕಾಲವಾಗಿತ್ತೋ. ಅಜ್ಜಿ ಒಂದು ಪೈರಿನ ಕಾಂಡವನ್ನು ಉಗುರಿನಿಂದ ಸೀಳಿ ಮಗಳಿಗೆ ತೋರಿಸಿದರು. ಒಳಗೆ ತೆನೆ ಬಿಳಿಯಾಗಿ, ಮೆತ್ತಗೆ, ಒತ್ತೊತ್ತಾಗಿ ಮಲಗಿತ್ತು. ಬುಟ್ಟಿಯ ಮೇಲೆ ಬರೆದದ್ದು ಅದೇ ಎಂದು ಯಾರೂ ಹೇಳಬೇಕಾಗಲಿಲ್ಲ.

ಮನೆಗೆ ಬಂದು ಬುಟ್ಟಿ ತೊಳೆದಿಡುವಾಗ ಮಗಳು ಕೇಳಿದಳು, ‘ಇದನ್ನ ಇನ್ನು ಎಲ್ಲಿ ಇಡ್ತೀರಿ?’

‘ಅಟ್ಟದ ಮೇಲೆ. ಬೀಜ, ಮೆಣಸಿನಕಾಯಿ ಹಾಕಿಡಕ್ಕೆ ಬರ್ತದೆ. ಬರೋ ವರ್ಷ ಮಣ್ಣು ಬಳಿದು ಮತ್ತೆ ಬರೀಬೇಕು.’

‘ಹುಂಜನ್ನ ಅಳಿಸಿಬಿಡ್ತೀರಾ?’

‘ಮತ್ತೆ? ಅಳಿಸದೆ ಬರೆಯಕ್ಕೆ ಜಾಗ ಎಲ್ಲಿದೆ?’

ಮಗಳು ಅಳುತ್ತಾಳೆಂದುಕೊಂಡೆ. ಸ್ವಲ್ಪ ಹೊತ್ತು ಯೋಚಿಸಿ, ‘ಬರೋ ವರ್ಷ ಇಲ್ಲಿ ಏನು ಕಾಣತ್ತೋ’ ಎಂದಳು. ಗೆಳತಿ ನನ್ನ ಮುಖ ನೋಡಿದಳು. ಹೊರಡುವಾಗ ಬಸ್‌ಸ್ಟ್ಯಾಂಡಿನಲ್ಲಿ ಅವಳು ಹೇಳಿದ್ದು, ‘ದೀಪಾವಳಿಗೆ ರಜೆ ಹಾಕಿ ಬರ್ತೀನಿ. ಅವ್ವನ ಹತ್ರ ಆ ಎರಡು ಗೆರೆ ಎಳೆಯೋದಾದ್ರೂ ಕಲೀಬೇಕು. ಅವಳ ಇನ್ನೊಂದು ಕಣ್ಣು ಮಂಜಾಗೋ ಮೊದ್ಲು.’ ನಡುಮನೆಯ ಹಸಿರು ಗೋಡೆಯ ವಿಷಯ ಇಬ್ಬರೂ ಎತ್ತಲಿಲ್ಲ.

ವಾಪಸು ಹಗಲಿನ ರೈಲು. ಶಿವಮೊಗ್ಗ ದಾಟಿದ ಮೇಲೆ ಮಗಳಿಗೆ ಕೈ ಒರೆಸಿಕೊಳ್ಳಲು ಟವೆಲ್ ಬೇಕಾಯಿತು. ಎಳೆದಳು. ಪುಸ್ತಕ ಹೊರಗೆ ಬಿತ್ತು.

‘ಇದನ್ನ ಯಾರು ತಂದದ್ದು?’

ನಾನು ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕೈಚೀಲ ತೆರೆದು ಪೆನ್ನು ತೆಗೆದುಕೊಂಡದ್ದು ಗೊತ್ತಾಯಿತು. ಎದುರು ಸೀಟಿನಲ್ಲಿ ಒಬ್ಬರು ತೊಡೆಯ ಮೇಲೆ ಬಾಳೆಗೊನೆ ಇಟ್ಟುಕೊಂಡು, ಅದನ್ನು ಮಗುವಿನಂತೆ ತಬ್ಬಿಕೊಂಡು, ಬಾಯಿ ತೆರೆದು ನಿದ್ದೆ ಹೋಗಿದ್ದರು. ಗೊನೆಯ ಮೇಲೆ ಅವರ ಗಲ್ಲ ಊರಿತ್ತು. ಓರೆಗಣ್ಣಿನಲ್ಲಿ ನೋಡಿದೆ. ಹಾಳೆಯ ಮೇಲೆ ಬಾಳೆಗೊನೆ ಆ ಮನುಷ್ಯರಿಗಿಂತ ದೊಡ್ಡದಾಗಿತ್ತು. ಯಾಕೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಅರಸೀಕೆರೆ ಬಂತು. ಅವರು ದಡಬಡಿಸಿ ಎದ್ದು, ಗೊನೆ ಹೆಗಲಿಗೇರಿಸಿ ಇಳಿದೇಬಿಟ್ಟರು. ಚಿತ್ರ ಮೊಣಕಾಲಿನ ತನಕ ಮಾತ್ರ ಆಗಿತ್ತು.

‘ಅಯ್ಯೋ ಅಮ್ಮ, ಅವರ ಚಪ್ಪಲಿ ನೋಡ್ಕೊಂಡೇ ಇರ್ಲಿಲ್ಲ!’ ಎಂದು ಮಗಳು ಕಿಟಕಿಯ ಸರಳಿಗೆ ಮುಖ ಒತ್ತಿ, ಪ್ಲಾಟ್‌ಫಾರ್ಮಿನಲ್ಲಿ ಓಡಾಡುವ ಕಾಲುಗಳ ನಡುವೆ ಆ ಎರಡು ಕಾಲುಗಳನ್ನು ಹುಡುಕತೊಡಗಿದಳು. ನಾನೂ ಪಕ್ಕದ ಕಿಟಕಿಗೆ ಬಗ್ಗಿದೆ.